ಅಕ್ರೋಟ್ ಮರದ ಕೆಳಗೆ ನನ್ನ ತೋಟ

ಏಪ್ರಿಲ್ 12, ಬೆಳಿಗ್ಗೆ

ಅತ್ತೆ ನನಗೆ ತೋಟ ಕೊಟ್ಟರು! ನನಗೇ! ಮನೆ ಮುಂದಿನ ದೊಡ್ಡ ಅಕ್ರೋಟ್ ಮರದ ಕೆಳಗಿನ ಅಷ್ಟೂ ಜಾಗ.

ಮದುವೆಯಾಗಿ ಇಪ್ಪತ್ತಮೂರು ದಿನ. ಹೊಸ ಸೊಸೆ ಅಂತ ಒಂದು ಲೋಟ ತೊಳೆಯಲೂ ಬಿಟ್ಟಿರಲಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂರಿಸುವುದು, ಬಂದವರಿಗೆಲ್ಲ ತೋರಿಸುವುದು... ಮ್ಯೂಸಿಯಂನಲ್ಲಿಟ್ಟ ಹಾಗೆ. ಇವತ್ತು ಅತ್ತೆಯನ್ನು ಕೇಳಿಯೇಬಿಟ್ಟೆ. "ಮೋಜಿ, ನಿಮ್ಮ ತರಕಾರಿ ಪಾತೀಲಿ ಕಳೆ ಕೀಳ್ಲಾ?"

ಅತ್ತೆ ಬೆಚ್ಚಿಬಿದ್ದರು. "ಬೇಡ ಬೇಡ! ನಿಂಗೆ ಬೇರೇನೇ ಜಾಗ ಕೊಡ್ತೀನಿ ಮಗಳೇ. ಆ ಮರದ ಬುಡದಲ್ಲಿ ಏನ್ ಬೇಕಾದ್ರೂ ಮಾಡ್ಕೋ."

ಎಷ್ಟು ಒಳ್ಳೆಯವರು!! ಉಪ್ಪು ಚಹಾ ಕುಡಿಯುತ್ತಿದ್ದ ಮುದಸ್ಸಿರ್ ಯಾಕೋ ಕೆಮ್ಮಿದ. ನನ್ನ ಗಂಡ ಕೆಮ್ಮುವಾಗಲೂ ಎಷ್ಟು ಚಂದ.

ಅದೇ ದಿನ, ಸಂಜೆ 5

ಶ್ರೀನಗರಕ್ಕೆ ಫೋನ್ ಮಾಡಿ ಮಮ್ಮಿಗೆ ಹೇಳಿದೆ. ಐದು ನಿಮಿಷ ನಕ್ಕಳು.

"ನಿನ್ನ ಕೈಲಿ ಮನಿ ಪ್ಲಾಂಟೂ ಬದುಕ್ಲಿಲ್ಲ ಇನ್ಶಾ! ಹಳ್ಳಿ ನಿಂಗಾಗಲ್ಲ. ಮೇಲಿನ ಮಹಡಿಗೆ ಬಣ್ಣ ಹೊಡ್ಸಿದೀನಿ, ಇಬ್ರೂ ಬಂದ್ಬಿಡಿ."

ಮತ್ತೆ ಆ ಮಹಡಿ! ಮುದಸ್ಸಿರ್‌ಗೆ ಇಲ್ಲಿ ಔಷಧಿ ಅಂಗಡಿ ಇದೆ. ನನಗೆ ಇಲ್ಲಿ ಮುದಸ್ಸಿರ್ ಇದ್ದಾನೆ. ಹೋಗುವುದಿಲ್ಲ ಅಂದೆ. ಕೊನೆಗೆ ಪಂದ್ಯವೇ ಆಯಿತು. ಆಗಸ್ಟ್‌ನಲ್ಲಿ ಮಮ್ಮಿ ಬರುತ್ತಾಳೆ. ನಾನೇ ಬೆಳೆದದ್ದು ಅವಳ ತಟ್ಟೆಗೆ ಬಿದ್ದರೆ ಮಹಡಿ ಮಾತು ಎತ್ತುವುದಿಲ್ಲ. ಇಲ್ಲದಿದ್ದರೆ, "ನಿಮ್ಮ ಪೆಟ್ಟಿಗೆ ನಾನೇ ತುಂಬ್ತೀನಿ."

ಸರಿ ಅಂದುಬಿಟ್ಟೆ. ಯೋಚನೆ ಆಮೇಲೆ ಬಂತು.

ಏಪ್ರಿಲ್ 15

ಹಾಖ್ ಸೊಪ್ಪಿನ ಬೀಜ ಬಿತ್ತಿದೆ. ಹಾಖ್ ಇಲ್ಲದ ಊಟ ಯಾವ ಕಾಶ್ಮೀರದಲ್ಲಿ? ಮುಂದಿನ ತಿಂಗಳು ಟೊಮೆಟೊ, ಬದನೆ, ಮೆಣಸಿನ ಸಸಿ. ಸೊಂಟ ಹೋಯಿತು. ಖುಷಿ ಖುಷಿ ಖುಷಿ.

ಮೇ 17

ಯಾವ ಕೈಯಲ್ಲಿ ಬರೆಯಲಿ. ಹಾಖ್ ಎರಡೆಲೆ ಬಿಟ್ಟು ಹಳದಿಯಾಗಿ ಕೂತಿದೆ. ಮೊನ್ನೆ ನೆಟ್ಟ ಟೊಮೆಟೊ ತಲೆ ಬಾಗಿಸಿದೆ. ನೀರು ಹಾಕಿದೆ — ಇನ್ನೂ ಬಾಗಿತು. ಮತ್ತೆ ಹಾಕಿದೆ — ಮಲಗಿಯೇಬಿಟ್ಟಿತು. ಹಾಲು ಕೊಡುವ ಹಾಜರಾ ಗೋಡೆಯಾಚೆ ನಿಂತು ನೋಡಿದಳು. "ಟೊಮೆಟೊ? ಅಕ್ರೋಟ್ ಕೆಳಗಾ? ಹುಂ... ಅಲ್ಲಾಹ್ ದೊಡ್ಡೋನು" ಅಂದು ಹೋದಳು.

ಮೇ 18

ಫೋನ್‌ನಲ್ಲಿ ಹುಡುಕಿದೆ. ಅಕ್ರೋಟ್ ಮರ ಬೇರಿನಿಂದ, ಎಲೆಯಿಂದ, ಕಾಯಿಯ ಸಿಪ್ಪೆಯಿಂದ ಒಂಥರಾ ವಿಷ ಬಿಡುತ್ತದಂತೆ! ಅದನ್ನು ತಾಳದ ಗಿಡಗಳು: ಟೊಮೆಟೊ, ಬದನೆ, ಮೆಣಸಿನಕಾಯಿ, ಕೋಸಿನ ಜಾತಿಯ ಸೊಪ್ಪು, ಅಂದರೆ ಹಾಖ್. ಬೇಕೆಂದು ಸಾಯಿಸಲು ಹೊರಟಿದ್ದರೂ ಇಷ್ಟು ಸರಿಯಾಗಿ ಆರಿಸಲು ಆಗುತ್ತಿರಲಿಲ್ಲ.

"ನಿಂಗೆ ಗೊತ್ತಿತ್ತಾ?" ಅಂದೆ ಮುದಸ್ಸಿರ್‌ಗೆ.

"ಎಲ್ರಿಗೂ ಗೊತ್ತು."

"ಹೇಳ್ಬಾರ್ದಿತ್ತಾ?"

"ನೀನು ಅಷ್ಟು ಖುಷಿಯಾಗಿದ್ದೆ..."

ಕ್ಷಮಿಸಿದೆ. ಹನ್ನೊಂದು ನಿಮಿಷ ಬಿಟ್ಟು.

ಅತ್ತೆಯನ್ನೂ ಕೇಳಿದೆ. ಮುಚ್ಚುಮರೆಯೇ ಇಲ್ಲ! "ಏನೂ ಬೆಳೀದೇ ಇರೋ ಕಡೆ ನೀನು ಏನ್ ಹಾಳು ಮಾಡೋಕಾಗುತ್ತೆ? ನನ್ನ ಪಾತಿ ಮೂವತ್ತು ವರ್ಷದ್ದು ಮಗಳೇ."

ಕೋಣೆಗೆ ಬಂದು ಸ್ವಲ್ಪ ಅತ್ತುಕೊಂಡೆ. ಸ್ವಲ್ಪವೇ.

ಮೇ 20

ಇನ್ನೊಂದು ಪಟ್ಟಿ ಸಿಕ್ಕಿತು! ಅಕ್ರೋಟ್ ಕೆಳಗೂ ಬದುಕುವಂಥವು: ಬೀನ್ಸ್, ಸೋರೆ, ಈರುಳ್ಳಿ... ಮತ್ತೆ ಐರಿಸ್ ಹೂವು! ಐರಿಸ್ ತಟ್ಟೆಗೆ ಬರುವುದಿಲ್ಲ, ಇರಲಿ. ಮೊದಲು ಮಾನ ಉಳಿಸಿಕೊಳ್ಳಬೇಕು. ವಿಲೋ ಮರಗಳ ಸಾಲಿನ ಹಿಂದಿನ ದಿಬ್ಬದಲ್ಲಿ ನೇರಳೆ ಐರಿಸ್ ರಾಶಿ ರಾಶಿ, ಕೇಳುವವರಿಲ್ಲ. ಗಡ್ಡೆ ಸಮೇತ ಮೂವತ್ತು ಕಿತ್ತು ತಂದು ಮರದ ಕೆಳಗೆ ಅಚ್ಚುಕಟ್ಟಾಗಿ ನೆಟ್ಟೆ. ಆರಡಿ ಉದ್ದ, ಮೂರಡಿ ಅಗಲ. ನಡುವೆ ಮಣ್ಣು ಸ್ವಲ್ಪ ಏರಿಸಿದೆ. ಎಷ್ಟು ಮುದ್ದಾಗಿದೆ! ಬೆಳಿಗ್ಗೆ ಎಲ್ಲರಿಗೂ ಸರ್‌ಪ್ರೈಸ್.

ಮೇ 21

ಸರ್‌ಪ್ರೈಸ್ ಆಯಿತು.

ಆರು ಗಂಟೆಗೆ ಅತ್ತೆ ಕಿಟಕಿ ತೆಗೆದು ಚೀರಿದರು. "ಯಾರನ್ನ ಹೂತಿದೀಯೇ ಇಲ್ಲಿ?!"

ಆ ದಿಬ್ಬ ಊರಿನ ಖಬರ್‌ಸ್ತಾನ್. ಕಲ್ಲಿಲ್ಲ, ಗೋಡೆಯಿಲ್ಲ, ಬರೀ ಹುಲ್ಲು, ಹೂವು. ಹೆಂಗಸರು ಅತ್ತ ಹೋಗುವುದಿಲ್ಲ, ನನಗೆ ಗೊತ್ತಾಗುವುದಾದರೂ ಹೇಗೆ? ಐರಿಸ್ ಅಂದರೆ ಗೋರಿಯ ಮೇಲೆ ನೆಡುವ ಹೂವಂತೆ. ನನ್ನ ಕಾನ್ವೆಂಟ್‌ನಲ್ಲಿ ಅದನ್ನು ಪೇಂಟಿಂಗ್ ಕ್ಲಾಸಿನಲ್ಲಿ ಕಲಿಸಿದ್ದರು!

ಹಾಜರಾ ಅಳುವುದಕ್ಕೆ ಮುಖ ಸಿದ್ಧಮಾಡಿಕೊಂಡೇ ಓಡಿಬಂದಳು. "ಯಾರು ಹೋದ್ರು?"

"ನನ್ನ ಮರ್ಯಾದೆ" ಅಂದರು ಅತ್ತೆ.

ಮುದಸ್ಸಿರ್ ದಿಬ್ಬಕ್ಕೆ ಹೋಗಿ ನೋಡಿ ಬಂದ. ನಾನು ಕಿತ್ತದ್ದು ಅವನ ಅಜ್ಜಿಯ ಗೋರಿಯಿಂದ. ಅಂದರೆ ಅತ್ತೆಯ ಅತ್ತೆ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಹೂವುಗಳನ್ನೇ ನೋಡುತ್ತ ನಿಂತರು. "ಬದುಕಿದ್ದಾಗ್ಲೂ ಹೀಗೇ. ಬೆಳಗಾದ್ರೆ ಈ ಮರದ ಕೆಳಗೇ ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕೋಳು. ವಾಪಸ್ ಬಂದ್ಳು ನೋಡು!" ಅಂದವರೇ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು. ಹಾಜರಾ ಕೂಡ. ಕೊನೆಗೆ ನಾನೂ.

ಮುದಸ್ಸಿರ್ ಮೂವತ್ತನ್ನೂ ವಾಪಸ್ ನೆಟ್ಟು, ಅಜ್ಜಿಯ ಕ್ಷಮೆ ಕೇಳಿ ಬಂದ.

ಜೂನ್ 3

ಸೋರೆ. ಬೀನ್ಸ್. ಬಿಸಿಲು ಬೀಳುವ ಅಂಚಿನಲ್ಲಿ. ಯಾರಿಗೂ ಹೇಳಲಿಲ್ಲ.

ಜುಲೈ 22

ಬಳ್ಳಿ ಗೋಡೆ ಹತ್ತಿದೆ! ಹೆಬ್ಬೆರಳಿನಷ್ಟು ಸೋರೆ ಮೂರು. ಬೀನ್ಸನ್ನು ಹಾಜರಾಳ ಕರು ಮೇಯ್ದು ಮುಗಿಸಿತು. ಮುದಸ್ಸಿರ್ ದಿನಾ ಅಂಗಡಿಗೆ ಹೊರಡುವ ಮುಂಚೆ ಸೋರೆಗಳಿಗೆ ಸಲಾಮ್ ಹೇಳುತ್ತಾನೆ. ಅವನನ್ನು ಯಾರು ಪ್ರೀತಿಸದೇ ಇದ್ದಾರು?

ಆಗಸ್ಟ್ 7

ಮೂರರಲ್ಲಿ ಒಂದು ಉದುರಿತು. ಉಳಿದದ್ದು ಎರಡು. ಮಮ್ಮಿ ಈ ವಾರವೇ ಬರುತ್ತಾಳಂತೆ. ಅತ್ತೆಗೆ ಪಂದ್ಯದ ವಿಷಯ ಹೇಳಿಬಿಟ್ಟೆ.

ಆಗಸ್ಟ್ 8, ಬೆಳಿಗ್ಗೆ

ಎದ್ದು ಹೊರಗೆ ಬಂದರೆ ಅತ್ತೆ ಮರದ ಕೆಳಗೆ ಕುಕ್ಕರಗಾಲಲ್ಲಿ. ಪಕ್ಕದ ಬುಟ್ಟಿಯಲ್ಲಿ ಬೇರು ಸಮೇತ ಕಿತ್ತ ಹಾಖ್. ಅವರ ಪಾತಿಯದು! ನಾನು ಮುಟ್ಟಬಾರದಿದ್ದದ್ದು! ಒಂದೊಂದಾಗಿ ನನ್ನ ಜಾಗದಲ್ಲಿ ನೆಡುತ್ತಿದ್ದರು.

"ಏನ್ ಮಾಡ್ತಿದೀರಿ ಮೋಜಿ? ಇಲ್ಲಿ ಸತ್ತೋಗುತ್ತೆ!"

"ಎರಡು ದಿನ ನಿಲ್ಲುತ್ತೆ. ನಿಮ್ಮಮ್ಮ ನೋಡಿ ಹೋಗೋವರ್ಗೂ ಸಾಕು."

"ಅದು ಮೋಸ ಅಲ್ವಾ?"

"ಮೋಸಾನೇ." ತಲೆ ಎತ್ತಲಿಲ್ಲ. "ಅವಳು ನಿನ್ನ ಕರ್ಕೊಂಡು ಹೋದ್ರೆ ನಾನು ಯಾರ ಮೇಲೆ ರೇಗ್ಲಿ?"

ಪಕ್ಕದಲ್ಲಿ ಕೂತು ಹಾಖ್ ಎಲ್ಲ ಕಿತ್ತು ಬುಟ್ಟಿಗೆ ಹಾಕಿದೆ. ಇಬ್ಬರೂ ಅವರ ಪಾತಿಗೆ ಒಯ್ದು ಮತ್ತೆ ನೆಟ್ಟೆವು. ನಾಲ್ಕು ಬಾರಿ ಬೈದರು. ಬೇರು ಹೀಗಾ ಇಡೋದು, ಮಣ್ಣು ಹೀಗಾ ಒತ್ತೋದು. ಆದರೆ ಮುಟ್ಟಲು ಬಿಟ್ಟರು.

ಮಧ್ಯಾಹ್ನ 2

ಮಮ್ಮಿಗೆ ಫೋನ್ ಮಾಡಿ ನಿಜ ಹೇಳಿದೆ. ಹಾಖ್ ಇಲ್ಲ, ಟೊಮೆಟೊ ಇಲ್ಲ, ಬದನೆ, ಮೆಣಸಿನಕಾಯಿ ಇಲ್ಲ. ಸೋರೆಕಾಯಿ ಇದೆ.

"ಎಷ್ಟು?"

"ಎರಡು. ಒಂದು ಸೊಟ್ಟ."

"ನೀನೇ ಬೆಳೆದದ್ದಾ?"

"ನಾನೇ."

ಪಕ್ಕದಲ್ಲಿ ಅತ್ತೆ ಫೋನಿಗೆ ಕಿವಿ ಹಚ್ಚಿ ಕೂತಿದ್ದರು.

"ಮೊಸರಲ್ಲಿ ಮಾಡು. ಸೋಂಪಿನ ಪುಡಿ ಸುರೀಬೇಡ, ನಿಂಗೆ ಆ ಚಾಳಿ ಇದೆ." ಮಮ್ಮಿ ಮುಂದುವರಿಸಿದಳು. "ಮೇಲಿನ ಮಹಡೀನ ಒಬ್ರು ಡಾಕ್ಟರು ಬಾಡಿಗೆಗೆ ಕೇಳ್ತಿದಾರೆ. ತಿಂದ್ಮೇಲೆ ಅವ್ರಿಗೆ ಹೂಂ ಅಂತೀನಿ. ತಿಂದ್ಮೇಲೆ!"

ಅತ್ತೆ ಆಗಲೇ ಮೊಸರಿಗೆ ಹಾಲು ಹೆಪ್ಪು ಹಾಕಲು ಎದ್ದರು, ಇವತ್ತಿನಿಂದಲೇ! ಮಮ್ಮಿಯನ್ನು ಕರೆತರಲು ಮುದಸ್ಸಿರ್‌ಗೆ ಸ್ಟೇಷನ್‌ಗೆ ಹೋಗಲು ಹೇಳಬೇಕು, ಮರೆಯುವ ಮುಂಚೆ ಇಲ್ಲೇ ಬರೆದಿಡುತ್ತೇನೆ. ಭಾನುವಾರ, ಶ್ರೀನಗರದಿಂದ ಬನಿಹಾಲ್‌ಗೆ ಹೋಗುವ ಬೆಳಗಿನ ರೈಲು, ಅನಂತನಾಗ್‌ಗೆ ಒಂಬತ್ತು ನಲವತ್ತಕ್ಕೆ ಬರುತ್ತದೆ.