ಮೈನಸ್ ನಲವತ್ತೆಂಟು

ಜೂನ್ 2
ಆಫೀಸಿನಲ್ಲಿ ಸಾಹೇಬರು ಇವತ್ತೂ ಪ್ಲಾಸ್ಟಿಕ್ ಸ್ಕೇಲ್ ತಂದು ನನ್ನ ಮಾನಿಟರ್‌ಗೆ ಒತ್ತಿ ಹಿಡಿದರು. ಬರಹಕ್ಕೂ ಕೆಳಗಿನ ಫೋಟೋಗೂ ನಡುವೆ ಒಂದೂವರೆ ಸೆಂಟಿಮೀಟರ್ ಖಾಲಿಯಂತೆ. ಮೊನ್ನೆ ಜಾಗ ಸಾಲದು ಎಂದವರೂ ಇವರೇ. ಆಗ ಬರಹದ ಕೆಳಗೆ 40, ಫೋಟೋದ ಮೇಲೆ 40 ಪಿಕ್ಸೆಲ್ ಮಾರ್ಜಿನ್, ಅಂದರೆ ಖಾಲಿ ಜಾಗ, ಕೊಟ್ಟಿದ್ದೆ. ನಡುವೆ ಬಂದದ್ದು 80 ಅಲ್ಲ, 40. ಎರಡು ಮಾರ್ಜಿನ್ ಎದುರಾದರೆ ಕೂಡುವುದಿಲ್ಲ, ದೊಡ್ಡದೊಂದೇ ಉಳಿಯುತ್ತದೆ ಎಂದರೆ, ನನಗೆ ಕೂಡಿಸಲು ಬರುವುದಿಲ್ಲ ಎಂಬಂತೆ ನೋಡಿದರು. ಕೋಣನ ಮುಂದೆ ಕಿನ್ನರಿ! ಬರಹದ ಕೆಳಗೆ 60 ಮಾಡಿದೆ. ಇವತ್ತು ಅದು ಹೆಚ್ಚಾಯಿತು.

60 ಎಲ್ಲ ಪುಟಕ್ಕೂ ಹಾಕಿಯಾಗಿದೆ. ಮತ್ತೆ ಮುಟ್ಟುವವರು ಯಾರು? ಫೋಟೋಗೆ ಮೇಲಿನ ಮಾರ್ಜಿನ್ ಮೈನಸ್ 48 ಕೊಟ್ಟು ಅಷ್ಟು ಮೇಲಕ್ಕೆ ಎಳೆದೆ. 12 ಉಳಿಯಿತು. ಅಳೆದು ಖುಷಿಪಟ್ಟರು. ಆ ಸ್ಕೇಲ್ ಮುರಿದು ಹಾಕಬೇಕು.

ಕಿವಿ ಕೇಳದ ಮಕ್ಕಳ ಶಾಲೆಗೆ ನಾವು ಮಾಡಿಕೊಟ್ಟ ವೆಬ್‌ಸೈಟಿನ ಅಡ್ಮಿಷನ್ ಪುಟ ಇದು. ಅಕ್ಕನ ಮಗಳು ಪುಟ್ಟಿ ಸೇರಬೇಕಾದದ್ದೂ ಅಲ್ಲಿಗೇ. ಎರಡು ವರ್ಷ ಬೇರೆ ಶಾಲೆಯ ಕೊನೆ ಬೆಂಚಿನಲ್ಲಿ ಏನೂ ಕೇಳದೆ ಕೂತಿದೆ ಮಗು.

ಜೂನ್ 5, ಮಧ್ಯಾಹ್ನ
ಅಕ್ಕನ ಫೋನ್. ಅರ್ಜಿ ಯಾವಾಗ ಕೊಡಬೇಕು ಎಂದು. ಸಾಹೇಬರು ತಲೆಯ ಮೇಲೆ ನಿಂತಿದ್ದರು. "ಎಲ್ಲಾ ಪೇಜಲ್ಲೇ ಇದೆಯಲ್ಲ ಅಕ್ಕ, ಓದ್ಕೊಳ್ಳೋಕಾಗಲ್ವಾ?" ಎಂದು ಗದರಿ ಫೋನ್ ಇಟ್ಟೆ.

ಜೂನ್ 14
ಅಕ್ಕ ಅರ್ಜಿ ಹಿಡಿದು ಹೋದಳಂತೆ. ಕ್ಲರ್ಕ್ ವಾಪಸ್ ಕಳಿಸಿದ. ಕಡೆಯ ದಿನ ಹತ್ತಕ್ಕೇ ಮುಗಿದಿತ್ತು. ಇವಳು ಹೋದ ವರ್ಷದ ಹಾಗೆ ತಿಂಗಳ ಕೊನೆ ಎಂದುಕೊಂಡಿದ್ದಳು. ಭಾವ ಮನೆ ಹಾರಿಹೋಗುವಂತೆ ಕೂಗಾಡಿದರಂತೆ. "ಎರಡು ಸಲ ಓದ್ದೆ ಕಣೇ. ನನ್ನ ಕಣ್ಣಿಗೇ ಬೀಳ್ಲಿಲ್ಲ," ಎಂದಳು.

ನನಗೂ ಸಿಟ್ಟೇ ಬಂತು. ಕಡೆಯ ದಿನದ ಸಾಲನ್ನು ಬರಹದ ಕೊನೆಗೆ ದಪ್ಪ ಅಕ್ಷರದಲ್ಲಿ ಹಾಕಿದವಳು ನಾನು. ಕಣ್ಣು ಎಲ್ಲಿಟ್ಟಿದ್ದಳು?

ಸಂಜೆ 4
ಅಕ್ಕ ಓದುವುದು ಫೋನಿನಲ್ಲಿ. ನನ್ನ ಫೋನಿನಲ್ಲೂ ಆ ಪುಟ ತೆಗೆದು ನೋಡಿದೆ. ಸಾಲು ಇಲ್ಲ.

ಫೋನಿಗೆಂದು ಬರಹದ ಕೆಳಗಿನ ಮಾರ್ಜಿನ್ ಬೇರೆ ಬರೆದಿದ್ದೆ — 60 ಅಲ್ಲ, 12. ಅದರಲ್ಲಿ 48 ಕಳೆದರೆ ಮೈನಸ್ 36. ಫೋಟೋ ಅಷ್ಟು ಮೇಲಕ್ಕೆ ಹತ್ತಿ ಕಡೆಯ ಸಾಲಿನ ಮೇಲೆ ಕೂತಿದೆ. ನಗುವ ಮಕ್ಕಳ ಫೋಟೋ... ಸ್ಕೇಲ್ ಸಾಹೇಬರದು, ನಿಜ. ಫೋನಿನಲ್ಲಿ ನೋಡಬೇಕಾದವಳು ನಾನು. ನೋಡಲಿಲ್ಲ.

ಐದು ನಿಮಿಷದಲ್ಲಿ ತಿದ್ದಿದೆ. ಯಾರ ಮೇಲೆ ಕಿರುಚಲಿ?

ಜೂನ್ 16
ಶಾಲೆಗೆ ಹೋಗಿ, ಯಾರೆಂದು ಹೇಳದೆ ವಿಚಾರಿಸಿದೆ. ಪುಟದ್ದೇ ತಪ್ಪು ಎಂದು ಅದನ್ನು ಮಾಡಿದವರು ಬರೆದುಕೊಟ್ಟರೆ, ಎಲ್ಲರಿಗೂ ಮೂರು ದಿನ ಮತ್ತೆ ತೆರೆಯುತ್ತೇವೆ ಎಂದರು ಹೆಡ್ ಮೇಡಂ. ಇನ್ನೂ ಏಳು ಮನೆಯವರು ಹೀಗೇ ವಾಪಸ್ ಹೋಗಿದ್ದಾರಂತೆ.

ಸಾಹೇಬರಿಗೆ ಹೇಳಿದೆ. ಸ್ಕೇಲ್ ತಿರುಗಿಸುತ್ತಾ ಕೂತಿದ್ದರು. "ತಿದ್ದಿ ಆಯ್ತಲ್ಲಮ್ಮ. ಯಾರಿಗೂ ಗೊತ್ತಿಲ್ಲ. ಬರ್ಕೊಟ್ರೆ ನಾಳೆಯಿಂದ ಬರ್ಬೇಡ."

ಮಾಡಿದ್ದು ಅವಳು, ಅನುಭವಿಸುವುದು ಪುಟ್ಟಿ. ಅವಳು ಎಂದರೆ ನಾನೇ. ಸಿಟ್ಟಿನಲ್ಲಿ ನನ್ನನ್ನೇ ಬೇರೆಯವಳು ಮಾಡಿ ಬರೆಯುತ್ತಿದ್ದೇನೆ.

ಜೂನ್ 20
ನಾಲ್ಕು ದಿನವಾಯಿತು, ಶಾಲೆಗೆ ಒಂದಕ್ಷರ ಬರೆದುಕೊಟ್ಟಿಲ್ಲ. ಪುಟ್ಟಿ ಹಳೇ ಶಾಲೆಗೇ ಹೋಗುತ್ತಿದ್ದಾಳೆ. ಅದೇ ಬೆಂಚು. ಅಕ್ಕ ಭಾವನ ಮುಂದೆ ತಲೆ ಎತ್ತುತ್ತಿಲ್ಲ. ಕನ್ನಡಕ ಬೇಕೇನೋ ಎಂದು ಕಣ್ಣಿನ ಡಾಕ್ಟರ ಹತ್ತಿರ ಬೇರೆ ಹೋಗಿಬಂದಳಂತೆ.

ಕನ್ನಡಕ! ಅದನ್ನು ಕೇಳಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಆಫೀಸಿನಲ್ಲೇ, ಸಾಹೇಬರು ನೋಡುತ್ತಿದ್ದಂತೆ ಕಾಗದ ಬರೆದು, ಸಹಿ ಹಾಕಿ, ಶಾಲೆಗೆ ಹೋಗಿ ಕೈಯಾರೆ ಕೊಟ್ಟು ಬಂದೆ. ಮೇಡಂ ನನ್ನ ಮುಂದೆಯೇ ಎಂಟು ಮನೆಗೂ ಸುದ್ದಿ ಕಳಿಸಲು ಹೇಳಿದರು. ಆಫೀಸಿಗೆ ವಾಪಸ್ ಬರುವಷ್ಟರಲ್ಲಿ ಸಾಹೇಬರು ನನ್ನ ಮೇಜು ಖಾಲಿ ಮಾಡಿಸಿದ್ದರು. ಸ್ಕೇಲ್ ಹಿಡಿದು ಅಳೆಯಲಿ ಈಗ.

ಸಂಜೆ 6
ಅಕ್ಕನ ಫೋನ್. ದನಿ ತುಂಬ ಸಂತೋಷ. ಶಾಲೆಯವರು ಎಷ್ಟು ಒಳ್ಳೆಯವರು, ತನ್ನ ಕುರುಡುತನವನ್ನೂ ಕ್ಷಮಿಸಿದರು ಎಂದಳು. ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ.

ಸಂಜೆ 6.20
ಮೊದಲು ಇಲ್ಲಿ ಬರೆದುಕೊಂಡು, ಇದನ್ನೇ ಅವಳಿಗೆ ಓದಿ ಹೇಳುತ್ತೇನೆ. ಅಕ್ಕ, ನಿನ್ನ ಕಣ್ಣು ಸರಿಯಾಗಿದೆ. ಅವತ್ತು ಓದ್ಕೋ ಅಂತ ನಾನು ಗದರಿದಾಗ, ಆ ಸಾಲಿನ ಮೇಲೆ ನಾನೇ ಫೋಟೋ ಕೂರಿಸಿಯಾಗಿತ್ತು.