ತಪಾಸಣೆಯ ದಿನ ಮಾತ್ರ ಬಿಸಿಯಾಗುವ ಯಂತ್ರ

ಹುಮನಾಬಾದ
ಫೆಬ್ರವರಿ ೨೦೦೭

ಮಾನ್ಯ ಪರಿಸರ ಅಧಿಕಾರಿಗಳೇ,

ನಮ್ಮೂರ ಹೊರಗೆ ಹಳೆಯ ಟ್ಯೂಬ್‌ಲೈಟ್ ಒಡೆಯುವ ಶೆಡ್ಡಿನಲ್ಲಿ ಪಾದರಸ ತೆಗೆಯುವ ಯಂತ್ರ ಸುಸ್ಥಿತಿಯಲ್ಲಿದೆ ಎಂದು ತಾವು ವರದಿ ಬರೆದಿರಿ. ನಿಜವೇ. ತಾವು ಬಂದ ದಿನ ಅದು ಗುಡುಗುತ್ತಿತ್ತು. ಬರುವ ಸುದ್ದಿಯನ್ನು ಮಾಲೀಕರಿಗೆ ಮೊದಲೇ ತಲುಪಿಸುವ ಸೌಜನ್ಯ ತಮ್ಮದು; ಉಳಿದ ದಿನ ಯಂತ್ರದ ಮೇಲೆ ಗೋಣಿಚೀಲಗಳು ಒಣಗುತ್ತವೆ. ಹೈದರಾಬಾದು, ಪುಣೆಗಳಿಂದ ಲಾರಿಯಲ್ಲಿ ಬಂದ ಕೊಳವೆಗಳನ್ನು ಹೆಂಗಸರು ಬರಿಗೈಯಲ್ಲಿ ಒಡೆಯುತ್ತಾರೆ. ಒಡೆದ ಗಾಜನ್ನು ಆ ಯಂತ್ರದಲ್ಲಿ ಕಾಯಿಸಿ ಪಾದರಸದ ಆವಿಯನ್ನು ಹಿಡಿದಿಡಬೇಕು. ಇಲ್ಲಿ ಗಾಜನ್ನು ತೊಟ್ಟಿಯ ನೀರಲ್ಲಿ ಜಾಲಿಸಿ, ನೆಲಕ್ಕೆ ಹಾಸುವ ಫರಸಿ ಮಾಡುವ ಬಸವಕಲ್ಯಾಣದ ಕಾರ್ಖಾನೆಯೊಂದಕ್ಕೆ ಕಳಿಸುತ್ತಾರೆ. ಹಾಗಾದರೆ ವಿಷ ಎಲ್ಲಿಗೆ ಹೋಯಿತು? ಅದನ್ನು ಕೇಳುವುದು ತಮ್ಮ ಕರ್ತವ್ಯದ ವ್ಯಾಪ್ತಿಗೆ ಬರುವುದಿಲ್ಲವೇ?

ನಾನು ಹೇಳುತ್ತೇನೆ. ನನ್ನ ಹೊಲಿಗೆ ಅಂಗಡಿಯಲ್ಲಿ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ಶೇವಂತಾಬಾಯಿ, ಹೆಚ್ಚಿನ ಕೂಲಿಗೆಂದು ಆ ಶೆಡ್ಡು ಸೇರಿದಳು. ಎರಡನೇ ಮಳೆಗಾಲಕ್ಕೆ ಒಸಡು ಬಾತು ರಕ್ತ ಒಸರಿತು. ಆಮೇಲೆ ಕೈಗಳು ನಡುಗತೊಡಗಿದವು. ಒಂದು ಸಂಜೆ ಅಂಗಡಿಗೆ ಬಂದವಳು ಸೂಜಿಗೆ ದಾರ ಪೋಣಿಸಲಾಗದೆ ಎರಡನ್ನೂ ನನ್ನ ಮುಂದಿಟ್ಟಳು. ಸೊಲ್ಲಾಪುರದ ವೈದ್ಯರು ಮೊದಲು ಕೇಳಿದ್ದೇ ಅವಳು ಏನು ಕೆಲಸ ಮಾಡುತ್ತಾಳೆಂದು.

ನಾನು ಅರ್ಜಿ ಕೊಟ್ಟೆ, ತಾವು ಬಂದಿರಿ. ಶೇವಂತಾಬಾಯಿ ಎರಡೂ ಕೈ ಚಾಚಿ ತಮ್ಮೆದುರು ನಿಂತಳು. ತಾವು ನಕ್ಕು, "ಅಂಜಬೇಡಮ್ಮ, ನಾನೇನು ಹುಲಿಯೇ?" ಎಂದಿರಿ.

"ಅಂಜಿಕಿ ಇಲ್ರಿ ಸಾಹೇಬ್ರ," ಎಂದಳು ಅವಳು. "ಕೈ ಹಿಂಗೇ ಆಗ್ಯಾವ."

ಅಷ್ಟರಲ್ಲಿ ಮಾಲೀಕರು ಚಹಾಕ್ಕೆ ಕರೆದರು. ಚಹಾ ಆರಿಹೋಗಬಾರದಲ್ಲವೇ? ತಾವು ಹೊರಟಿರಿ. ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಹೋದ ದೀಪಾವಳಿಯ ಹೊತ್ತಿಗೆ ಮೂತ್ರಪಿಂಡ ಸೋತು ತೀರಿಕೊಂಡಳು. ತಿಂಗಳೊಳಗೆ ಅವಳ ಜಾಗದಲ್ಲಿ ಸೊಸೆ ಆಮ್ರಪಾಲಿ ಕುಳಿತಳು. ಬಿಟ್ಟುಬಿಡು ಎಂದು ಬೇಡಿಕೊಂಡೆ. "ಮನ್ಯಾಗ ಒಲಿ ಹೊತ್ತಬೇಕಲ್ರಿ ಅಕ್ಕಾ. ಬಾಯಾಗ ತಾಮ್ರ ನೆಕ್ಕಿದಂಗ ಆಗ್ತದ, ಅಷ್ಟೇ," ಎಂದಳು. ಅವಳ ಅತ್ತೆಗೂ ಮೊದಮೊದಲು ಅಷ್ಟೇ ಆಗಿತ್ತು.

ಈ ಸಲ ಸುದ್ದಿ ಕೊಡದೆ ಬನ್ನಿ. ಶೆಡ್ಡಿಗೆ ಬೀಗ ಹಾಕಿ. ಅಲ್ಲಿನ ಹೆಂಗಸರ ರಕ್ತ ಪರೀಕ್ಷೆ ಮಾಡಿಸಿ, ಚಿಕಿತ್ಸೆಯ ಮತ್ತು ಕೂಲಿಯ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿ. ಬಸವಕಲ್ಯಾಣಕ್ಕೆ ಹೋದ ಗಾಜು ಯಾರ್ಯಾರ ಮನೆಯ ನೆಲವಾಗಿದೆಯೆಂದು ಹುಡುಕಿಸಿ. ಮುಂದಿನ ವರ್ಷ ನೋಡೋಣ ಎನ್ನಬೇಡಿ. ಆಮ್ರಪಾಲಿ ಈಗ ಐದು ತಿಂಗಳ ಬಸುರಿ.

ಇಂತಿ,
ಉತ್ತರ ಬರುವುದೆಂದು ಇನ್ನೂ ನಂಬುವಷ್ಟು ದಡ್ಡಿಯಾದ
ಜಯಮಾಲಾ