ಗಾಜಿನ ಪೆಟ್ಟಿಗೆಯಲ್ಲಿ ನನ್ನ ರಂಪಿಗೆ

ಘಾಟ್ಕೋಪರ್, ಮುಂಬಯಿ
ಭಾನುವಾರ, 9 ಫೆಬ್ರವರಿ 2025

ಪ್ರೀತಿಯ ಅಕ್ಷಯಣ್ಣಾ,

ಹೇಗಿದ್ದೀ? ಬರೋಡದ ಚಳಿಗೆ ನಿನ್ನ ಉಬ್ಬಸ ಮತ್ತೆ ಎದ್ದಿಲ್ಲ ತಾನೆ? ಬಣ್ಣ ಕಲಸುವಾಗ ಕಿಟಕಿ ತೆರೆದಿಡು. ಅಲ್ಲಿ ದಾಲಿಗೂ ಬೆಲ್ಲ ಸುರಿಯುತ್ತಾರಂತೆ, ಅದಕ್ಕೇ ಅಮ್ಮ ನಿನಗೆ ಮಿಡಿ ಉಪ್ಪಿನಕಾಯಿ ಕಳಿಸಬೇಕೆಂದು ಹಟ ಹಿಡಿದಿದ್ದಾಳೆ. ಅಪ್ಪನ ಮಂಡಿನೋವು ಹಾಗೇ ಇದೆ. ಆದರೂ ಮೆಟ್ರೋ ಇಳಿದು ಲೋಕಲ್ ಹಿಡಿದು ಸಾಂತಾಕ್ರೂಜಿನ ಹೋಟೆಲಿಗೆ ಹೋಗಿ ಗಲ್ಲಾದಲ್ಲಿ ಕೂರುವುದನ್ನು ಬಿಟ್ಟಿಲ್ಲ. ನಿನ್ನ ಪ್ರದರ್ಶನದ ಆಮಂತ್ರಣ ಅಲ್ಲಿ ಗಣಪತಿಯ ಪಟದ ಪಕ್ಕದಲ್ಲೇ ಇದೆ. ದೋಸೆ ತಿಂದು ಬಿಲ್ಲು ಕೊಡಲು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ತೋರಿಸುತ್ತಿದ್ದರು ಎಂದು ಬರೆದೆ, ಈಗ ತೋರಿಸುವುದಿಲ್ಲ. ಯಾಕೆಂದು ಹೇಳುತ್ತೇನೆ.

ಇವಳಿಗೇನಾಯಿತು, ಕಾಗದ ಬರೆಯುತ್ತಾಳೆ ಎಂದು ನಗಬೇಡ. ಫೋನಿನಲ್ಲಿ ಬರೆದದ್ದಕ್ಕೆಲ್ಲ ನೀಲಿ ಗೆರೆ ಬಿತ್ತು, ಉತ್ತರ ಬೀಳಲಿಲ್ಲ. ಒಂಬತ್ತನೇ ಕ್ಲಾಸಿನ ತನಕ ಕಲಿತ ಕನ್ನಡ ಇಷ್ಟಕ್ಕೆ ಸಾಕು.

ಹೋದ ಶನಿವಾರ ನಾವು ಮೂವರೂ ಫೋರ್ಟಿನ ಗ್ಯಾಲರಿಗೆ ಹೋದೆವು. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಸುಳ್ಳು ಹೇಳಲಾರೆ ಅಣ್ಣ, ಚಿತ್ರಗಳು ಚೆನ್ನಾಗಿವೆ. ತೊಗಲಿನ ಚೂರುಗಳನ್ನು ಹೊಲಿದು ಲೋಕಲಿನ ಹಿಡಿಕೆಗೆ ಜೋತ ಕೈಗಳನ್ನು ಮಾಡಿದ್ದೀಯಲ್ಲ, ಅದರ ಮುಂದೆ ನಾನು ತುಂಬ ಹೊತ್ತು ನಿಂತೆ. ಆ ಚೂರುಗಳನ್ನು ಧಾರಾವಿಯಲ್ಲಿ ನಾನು ದುಡಿಯುವ ಕಾರ್ಖಾನೆಯಿಂದ ಚೀಲದಲ್ಲಿ ತುಂಬಿ ತಂದುಕೊಟ್ಟವಳು ನಾನು, ಆದರೆ ಅವುಗಳಲ್ಲಿ ಕೈ ಕಂಡವನು ನೀನು. ಅದು ನಿನ್ನದೇ. ಅಷ್ಟು ಯಾಕೆ ಸಾಲಲಿಲ್ಲ ನಿನಗೆ?

ಗೋಡೆಯ ಮೇಲಿನ ಇಂಗ್ಲಿಷನ್ನು ನಾನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದೆ. ಅಲ್ಲಿ ಬಂದವರಿಗೆ ಚಿತ್ರಗಳನ್ನು ವಿವರಿಸುವ ಹುಡುಗಿ ಪ್ರಣೀತಾ, ಪಾಪ, ಒಳ್ಳೆಯವಳು, ಹತ್ತಿರ ಬಂದು ಹಿಂದಿಯಲ್ಲಿ ಹೇಳತೊಡಗಿದಳು. ಈ ಕಲಾವಿದ ಬೆಳೆದದ್ದು ಧಾರಾವಿಯಲ್ಲಂತೆ. ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ನೀರು ಕುಡಿಯಲು ಕೆಳಗೆ ಹೋದವನು ಗೇಟು ತೆರೆದಿದ್ದು ಕಂಡು ಹಾಗೇ ನಡೆದುಬಿಟ್ಟನಂತೆ. ತೊಗಲಿನ ಕಾರ್ಖಾನೆಯ ಬಾಗಿಲಲ್ಲಿ ನಿಂತು, ಒಬ್ಬ ಹೆಂಗಸು ನಡುವೆ ಅಲಗು ಎತ್ತದೆ ಒಂದೇ ಎಳೆತಕ್ಕೆ ತೊಗಲಿನ ಚೀಲದ ಬಾಯಿ ಕತ್ತರಿಸುವುದನ್ನು ನೋಡಿ, ಮರುದಿನ ಅಲ್ಲೇ ಕೆಲಸಕ್ಕೆ ಸೇರಿದನಂತೆ. ನನ್ನ ಬದುಕನ್ನು ನನಗೇ ಹೇಳುತ್ತಿದ್ದಳು ಅಣ್ಣ, ಅದೂ ಎಷ್ಟು ಅಕ್ಕರೆಯಿಂದ! ಆ ಗೇಟಿನ ಸಂಗತಿ ನಾನು ಅಮ್ಮನಿಗೂ ಹೇಳಿರಲಿಲ್ಲ. ನೀನು ಚಿತ್ರ ಬಿಡಿಸುತ್ತ, “ಆಮೇಲೆ? ಆಮೇಲೆ ಎಂತ ಆಯ್ತು ವಿಜ್ಜೂ?” ಎಂದು ಕೇಳುತ್ತಿದ್ದೆ. ಮನೆಯಲ್ಲಿ ನನ್ನನ್ನು ಬೈಯದೆ ಕೇಳಿದವನು ನೀನೊಬ್ಬನೇ. ಅದಕ್ಕೇ ಹೇಳಿದೆ.

ಆಮೇಲೆ ಗಾಜಿನ ಪೆಟ್ಟಿಗೆ. ಒಳಗೆ ನನ್ನ ರಂಪಿಗೆ, ಕೆಳಗೆ ‘ಕಲಾವಿದನ ಅಲಗು’ ಎಂಬ ಚೀಟಿ. ತೊಗಲು ಕತ್ತರಿಸುವವರು ಒಬ್ಬರ ರಂಪಿಗೆಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಹಿಡಿ ಒಂದೇ ಅಂಗೈಗೆ ಸವೆಯಬೇಕು ಅನ್ನುತ್ತಾರೆ. ಫೋಟೋ ತೆಗೆದು ವಾಪಸ್ಸು ತರುತ್ತೇನೆ ಎಂದು ನೀನು ಕೇಳಿದಾಗ ನಾನು ಆ ಕಟ್ಟು ಮುರಿದು ಕೊಟ್ಟೆ. ಅದು ಎಡಗೈಗೆ ಸವೆದ ಹಿಡಿ. ನೀನು ಬಲಗೈಯವನು. ಅಷ್ಟು ಜನ ಬಗ್ಗಿ ನೋಡಿದರು, ಯಾರಿಗೂ ಗೊತ್ತಾಗಲಿಲ್ಲ.

ನಾನು ಬಾಯಿ ತೆರೆದೆ. ಅಮ್ಮ ಮೊಣಕೈ ಚಿವುಟಿದಳು. “ಸುಮ್ಮನಿರು ಮಾರಾಯ್ತಿ, ಅವನ ಹೆಸರು ಒಮ್ಮೆ ಮೇಲೆ ಬರ್ಲಿ. ನಿನ್ನದೆಂತ ಹೋಗ್ತದೆ ಅದ್ರಲ್ಲಿ?” ಎಂದಳು. ತೊಗಲು ಮುಟ್ಟಿ ಬಂದವಳೆಂದು ನನ್ನ ಬಟ್ಟೆಗೆ ಬೇರೆ ಬಕೆಟ್ಟು ಇಟ್ಟವಳು ಇವಳೇ. ಊರಿನವರು ಕೇಳಿದರೆ ಹುಡುಗಿ ಫ್ಯಾಶನ್ ಡಿಸೈನಿಂಗ್ ಕಲಿಯುತ್ತಾಳೆ ಎಂದವಳೂ ಇವಳೇ. ನಾನು ಮಾಡಿದರೆ ಹೊಲಸು, ನೀನು ಮಾಡಿದೆ ಅಂದರೆ ಗಾಜಿನ ಪೆಟ್ಟಿಗೆ. ಅಪ್ಪ ಗೋಡೆಯ ಬರಹವನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ನಿನ್ನನ್ನು ಲಿಫ್ಟಿರುವ ಬಿಲ್ಡಿಂಗಿನಲ್ಲಿ ಬೆಳೆಸಿ ಆರ್ಟ್ ಕಾಲೇಜು ಓದಿಸಿದ ಮನುಷ್ಯ ಅದರಲ್ಲಿ ಎಲ್ಲೂ ಇರಲಿಲ್ಲ. “ಚಾ ಕುಡಿದು ಬರ್ತೇನೆ” ಎಂದು ಹೊರಗೆ ಹೋದವರು ಮತ್ತೆ ಒಳಗೆ ಬರಲಿಲ್ಲ.

ಮುಂದಿನದು ನಿನಗೂ ಗೊತ್ತು. ಈ ಊರು ಮೆರೆಸಬೇಕಾದ ಹತ್ತು ಹೊಸ ಕಲಾವಿದರು ಎಂದು ಒಂದು ಪತ್ರಿಕೆ ಬರೆಯುತ್ತಿದೆ, ಅದರಲ್ಲಿ ನೀನೂ ಒಬ್ಬ. ನೀನು ದುಡಿದ ಜಾಗ ನೋಡಲು ಅವರು ಶುಕ್ರವಾರ ಕಾರ್ಖಾನೆಗೆ ಬರುತ್ತಾರೆ. ನಮ್ಮ ಯಜಮಾನ ಮುರಿಗೆಪ್ಪ ಕಾಕಾಗೆ ನೀನೇ ಫೋನ್ ಮಾಡಿ ಹೇಳಿದ್ದೀಯಂತೆ. ನನ್ನ ಫೋನ್ ಎತ್ತಲು ಮಾತ್ರ ನಿನಗೆ ಪುರಸೊತ್ತಿಲ್ಲ. ಕಾಕಾ ಖುಷಿಯಾಗಿ ಗೋಡೆಗೆ ಸುಣ್ಣ ಹೊಡೆಸಿದ್ದಾರೆ. “ಏನವಾ ತಂಗಿ, ನಿನ್ನ ರಂಪಿಗಿ ದೊಡ್ಡ ಮಂದಿ ನಡಕ ಕುಂತೈತಿ, ನೀ ಇನ್ನೂ ಇಲ್ಲೇ ಅದೀ! ನಿಮ್ಮಣ್ಣ ಇಲ್ಲೇ ದುಡೀತಿದ್ದ ಅಂತ ಒಂದ್ ಮಾತು ಅಂದ್ಬಿಡು. ಪೇಪರಿನ್ಯಾಗ ನಮ್ಮ ಹೆಸರೂ ಬರ್ತೈತಿ,” ಎನ್ನುತ್ತಾರೆ. ಎಲ್ಲರಿಗೂ ಒಂದೇ ಒಂದು ಮಾತು ಬೇಕು, ಅದನ್ನು ನಾನೇ ಆಡಬೇಕು. ಆಡಿದರೆ ನನ್ನ ಪಾಲಿಗೆ ಶಾಲೆ ಬಿಟ್ಟ ಹುಡುಗಿ ಎಂಬ ಹೆಸರಷ್ಟೇ ಉಳಿಯುತ್ತದೆ, ಬಿಟ್ಟು ಎಲ್ಲಿಗೆ ಹೋದಳು ಅನ್ನುವುದು ಉಳಿಯುವುದಿಲ್ಲ. ಅದೊಂದು ಬಿಟ್ಟರೆ ನನ್ನದು ಅಂತ ನನಗೆ ಬೇರೇನೂ ಇಲ್ಲ ಅಣ್ಣ.

ನೀನು ಬೀಳಬೇಕೆಂದು ನನಗಿಲ್ಲ. ಶುಕ್ರವಾರದ ಒಳಗೆ ನೀನೇ ಅವರಿಗೆ ಹೇಳು. ಅದು ನನ್ನ ತಂಗಿಯ ಕಥೆ, ಚಿತ್ರ ನನ್ನದು ಎಂದರೆ ಸಾಕು. ಚಿತ್ರ ಗೋಡೆಯಿಂದ ಇಳಿಯುವುದಿಲ್ಲ, ನಾನು ನೋಡಿದ್ದೇನೆ.

ಅಪ್ಪ ಅಮ್ಮನ ಹಾರೈಕೆ ಎಂದಿನಂತೆ ನಿನ್ನ ಬೆನ್ನಿಗಿದೆ. ಊಟ ತಪ್ಪಿಸಬೇಡ. ನನ್ನದೂ ಒಂದು ನಮಸ್ಕಾರ; ಈ ಸಲ ಬರೆಯಲೋ ಬೇಡವೋ ಎಂದು ಯೋಚಿಸಿ ಬರೆದದ್ದು.

ನಿನ್ನ ತಂಗಿ,
ವಿಜೇತಾ

ತಾ.ಕ.: ಕಾಗದ ಮಡಿಸುವಾಗ ಕಾಕಾ ಫೋನ್ ಮಾಡಿದರು. ಪತ್ರಿಕೆಯವರು ಶುಕ್ರವಾರದ ತನಕ ಕಾಯುವುದಿಲ್ಲವಂತೆ, ನಾಳೆ ಬೆಳಿಗ್ಗೆಯೇ ಬರುತ್ತಾರೆ. ತಕ್ಷಣ ನಿನಗೆ ಫೋನ್ ಮಾಡಿದೆ, ಮತ್ತೆ ಮಾಡಿದೆ. ನೀನು ಕಟ್ ಮಾಡಿದೆ. ನಾಳೆ ಅವರು ಕೇಳುತ್ತಾರೆ, ನಾನು ಇದ್ದದ್ದನ್ನು ಹೇಳುತ್ತೇನೆ. ಈ ಕಾಗದ ನಿನ್ನ ಕೈ ಸೇರುವುದು ಅದಾದ ಮೇಲೆಯೇ. ಆದರೂ ಕಳಿಸುತ್ತಿದ್ದೇನೆ. ಅವರಿಗಿಂತ ಮೊದಲು ನಿನಗೇ ಹೇಳಲು ಹೊರಟಿದ್ದೆ ಅನ್ನುವುದು ನಿನಗೆ ಗೊತ್ತಿರಲಿ.